ಮಿಡತೆ ಯಾಕೆ ನಿಲ್ಲುತ್ತಿತ್ತು

ಮಿಡತೆ ಮತ್ತೊಮ್ಮೆ ನಡುರಸ್ತೆಯಲ್ಲಿ ಉಸಿರು ಬಿಟ್ಟಿತ್ತು. ಅಂಗಡಿಯ ಮುಂದೆ ಬ್ರೇಕು ಕಿರುಗುಟ್ಟಿದ ಸದ್ದಿಗೇ ವೈರಕ್ಕನಿಗೆ ಅದು ತಿಳಿಯಿತು. ಅಣ್ಣನ ಕೋಪ ಮೊದಲು ಕಾಲಿಗಿಳಿಯುತ್ತದೆ, ಆಮೇಲೆ ಬಾಯಿಗೆ ಬರುತ್ತದೆ. ಬ್ಯಾಟರಿಯೊಂದರ ತಲೆಗೆ ಗ್ರೀಸು ಸವರುತ್ತಿದ್ದವಳು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ನಿನ್ನ ವೈರಿಂಗಿಗಿಷ್ಟು ಬೆಂಕಿ ಹಾಕ!" ಎಂದ ಅವನು, ಇಳಿಯುವ ಮೊದಲೇ.

"ಬೆಂಕಿ ಹಾಕಿದ್ರೆ ಕಾರೂ ಹೋಗತ್ತೆ ಅಣ್ಣ. ಇಳಿ. ಏನಾಯ್ತು ಸರಿಯಾಗಿ ಹೇಳು."

"ಹೇಳೋದೇನಿದೆ? ಚೆನ್ನಾಗೇ ಬರ್ತಿದ್ದೆ. ಇದ್ದಕ್ಕಿದ್ದ ಹಾಗೆ ಎಂಜಿನ್ ಆಫ್. ನಡುರಸ್ತೇಲಿ ನಿಂತಿದೀನಿ, ಹಿಂದಿನವನು ಹಾರ್ನ್ ಹೊಡೀತಿದ್ದಾನೆ. ಕೀ ತಿರುಗಿಸಿದ್ರೆ ತಕ್ಷಣ ಸ್ಟಾರ್ಟು. ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ!"

ಊರಿನ ಗ್ಯಾರೇಜುಗಳವರೆಲ್ಲ ಅವಳನ್ನು ಕರೆಯುತ್ತಿದ್ದುದೇ ವೈರಕ್ಕ ಎಂದು. ವಾಹನದ ಹೊಟ್ಟೆಯೊಳಗಿನ ತಂತಿ, ದೀಪ, ಕಿಡಿ ಇವಿಷ್ಟೇ ಅವಳ ಕಸುಬು. ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟು ಲಾರಿ ಹತ್ತಿದ ಅಣ್ಣ, "ನೀನು ಒಂದು ಕೈಕಸುಬು ಕಲಿ, ನಾಳೆ ಯಾರ ಹಂಗೂ ಇರಬಾರದು" ಎಂದು ಅವಳನ್ನು ತರಬೇತಿಗೆ ಹಾಕಿದ್ದ. ಈಗ ಅವನು ಊರ ಬಸ್ಸಿನ ಡ್ರೈವರು. ಅವನ ಬಸ್ಸು ಗುಡ್ಡ ಹತ್ತಿಳಿದು ಆಚೆ ಬದಿಯ ಬಡಾವಣೆಗಳಿಗೆ ಹೋಗುತ್ತಿತ್ತು. ಬೆಳಗಿನ ಟ್ರಿಪ್ಪಿನಲ್ಲಿ ಅರ್ಧಕ್ಕರ್ಧ ಶಾಲೆಯ ಮಕ್ಕಳು. ತಲೆಗೂದಲು ನರೆತರೂ ಅವನ ಕೈಯಲ್ಲಿ ಬಸ್ಸಿಗೆ ಒಂದು ಗೀರು ಕೂಡ ಆಗಿರಲಿಲ್ಲ ಎಂಬುದು ಡಿಪೋದಲ್ಲಿ ಮನೆಮಾತು.

ಮಿಡತೆ ಅವರಿಬ್ಬರದೂ ಸೇರಿ ಒಂದು ಹುಚ್ಚು. ಮುಚ್ಚಿಹೋದ ಗಿರಣಿಯ ಹಿಂದೆ, ಮುರಿದ ಹೆಂಚಿನ ರಾಶಿಯ ಕೆಳಗೆ ಬಿದ್ದಿದ್ದ ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಅದು. ಉದ್ದ ಮೂತಿ, ಗುಂಡು ದೀಪ, ನೆಲಕ್ಕೆ ಅಂಟಿಕೊಂಡ ಹೊಟ್ಟೆ. ಒಳಗೆ ಕೋಳಿಯೊಂದು ಮರಿ ಮಾಡಿತ್ತು. ಅಣ್ಣ ಅದನ್ನು ಬೇಡಿ ತಂದು, ರಜೆ ಸಿಕ್ಕಾಗಲೆಲ್ಲ ತುಕ್ಕು ಕೆರೆದು, ತಗಡು ಬಡಿದು, ಎಂಜಿನ್ ಕೂರಿಸಿದ. ಒಳಗಿನ ತಂತಿಯ ಜಾಲ ಪೂರ್ತಿ ವೈರಕ್ಕನದು. ಹಸಿರು ಬಣ್ಣ ಬಳಿದು ಮೊದಲ ಸಲ ಕ್ಲಚ್ ಬಿಟ್ಟಾಗ ಕಾರು ಠಣ್ಣನೆ ಒಂದು ನೆಗೆತ ನೆಗೆಯಿತು. ಅತ್ತಿಗೆ ಬಾಗಿಲಲ್ಲಿ ನಿಂತು, "ಇದು ಕಾರಲ್ಲ, ಮಿಡತೆ" ಎಂದು ನಕ್ಕರು. ಅಂದಿನಿಂದ ಅದೇ ಹೆಸರು.

ಆ ದಿನ ವೈರಕ್ಕ ಬಾನೆಟ್ ಎತ್ತಿ ಕೆಲಸಕ್ಕೆ ಕೂತಳು. ಹಳೆಯ ಕಾರಿನಲ್ಲಿ ಕಿಡಿಯ ಹಾದಿ ಸರಳ. ಬ್ಯಾಟರಿಯಿಂದ ಸ್ವಿಚ್ಚಿಗೆ, ಅಲ್ಲಿಂದ ಕಿಡಿ ಹುಟ್ಟಿಸುವ ಕಾಯಿಲಿಗೆ, ಕಾಯಿಲಿನಿಂದ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿಗೆ, ಅಲ್ಲಿಂದ ಒಂದೊಂದು ಪ್ಲಗ್ಗಿಗೆ. ಎಂಜಿನ್ ಹೇಗೆ ಸತ್ತಿತು ಎನ್ನುವುದರಲ್ಲೇ ರೋಗದ ಗುಟ್ಟಿರುತ್ತದೆ. ಪೆಟ್ರೋಲಿನ ತೊಂದರೆಯಾದರೆ ಕೆಮ್ಮುತ್ತ, ಎಳೆದಾಡುತ್ತ ಸಾಯುತ್ತದೆ. ಕಾಯಿಲು ಕಾದು ಕೆಟ್ಟರೆ ತಣ್ಣಗಾಗುವವರೆಗೆ ಏಳುವುದಿಲ್ಲ. ಸದ್ದಿಲ್ಲದೆ ಸತ್ತು, ಮರುಕ್ಷಣವೇ ಎದ್ದು ಕೂತರೆ ಎಲ್ಲೋ ಒಂದು ತಂತಿ ಹೊರಗಿನಿಂದ ನೆಟ್ಟಗಿದ್ದು ಒಳಗೇ ಮುರಿದಿದೆ ಎಂದು ಅರ್ಥ.

"ಆರ್‌ಪಿಎಂ ಮುಳ್ಳು ಏನು ಮಾಡ್ತು?" ಎಂದು ಕೇಳಿದಳು.

"ಯಾವ ಮುಳ್ಳು?"

"ಯಾವ ಮುಳ್ಳು ಅಂತ ನನ್ನನ್ನ ಕೇಳ್ತೀಯಲ್ಲ! ನಿನ್ನ ಕಣ್ಣೆದುರಿಗೇ ಇದೆ. ಅದು ಓಡೋದೇ ಕಿಡಿ ಲೆಕ್ಕ ಹಾಕಿ. ಕಿಡಿ ನಿಂತ್ರೆ, ಕಾರು ಉರುಳ್ತಾ ಇದ್ರೂ ಮುಳ್ಳು ದಬಕ್ ಅಂತ ಸೊನ್ನೆಗೆ ಬೀಳಬೇಕು. ಬಿತ್ತಾ?"

ಅಣ್ಣ ಯೋಚಿಸಿದ. "ನೋಡ್ಲಿಲ್ಲ" ಎಂದ.

ಅವಳಿಗೆ ಸೋಜಿಗವಾಯಿತು. ಬಸ್ಸಿನ ಕನ್ನಡಿಯಲ್ಲಿ ಕೊನೆಯ ಸೀಟಿನವನು ಆಕಳಿಸಿದ್ದನ್ನೂ ನೋಡುವ ಮನುಷ್ಯ ಇವನು. ಆದರೂ ಕೆದಕಲಿಲ್ಲ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟ್ ಬಿಚ್ಚಿ ಉಜ್ಜಿದಳು. ಕಂಡೆನ್ಸರ್ ಬದಲಾಯಿಸಿದಳು, ಕಾಯಿಲನ್ನೂ ಬದಲಾಯಿಸಿದಳು. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ತಂತಿಯನ್ನೂ ಹಿಡಿದು ಜಗ್ಗಿದಳು, ತಿರುಚಿದಳು, ಸ್ವಿಚ್ಚಿನ ಬೆನ್ನಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಳು. ಬಾನೆಟ್ ಮುಚ್ಚಿ, ಮೇಲೆ ಹಳೆಯ ಕಂಬಳಿ ಹೊದಿಸಿ, ಒಳಗೆಲ್ಲ ಕಾದು ಬೇಯುವವರೆಗೆ ಓಡಿಸಿದಳು. ಮಿಡತೆ ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುರು ಎನ್ನುತ್ತಲೇ ಇತ್ತು. ಎರಡು ದಿನ ತಾನೇ ಓಡಿಸಿಕೊಂಡು ಅಂಗಡಿಗೆ ಬಂದು ಹೋದಳು. ಒಂದು ಸಲವೂ ನಿಲ್ಲಲಿಲ್ಲ.

"ನಿನ್ನ ಕಂಡ್ರೆ ಅದಕ್ಕೆ ಭಯ. ನನ್ನ ಕಂಡ್ರೆ ಸಲಿಗೆ" ಎಂದು ಅಣ್ಣ ಕಾರು ಒಯ್ದ.

ಆ ವಾರವೇ ಸೇತುವೆಯ ಬಳಿ ಮತ್ತೆ ನಿಂತಿತು. ಈ ಸಲ ಮುಂದಿನ ಚಕ್ರ ಕಾಲುದಾರಿಯ ಕಲ್ಲು ಹತ್ತಿ, ಒಂದು ದೀಪದ ಗಾಜು ಕಂಬಕ್ಕೆ ತಾಗಿ ಒಡೆದಿತ್ತು. ಅದೃಷ್ಟಕ್ಕೆ ಅಲ್ಲಿ ನಡೆಯುತ್ತಿದ್ದವರು ಯಾರೂ ಇರಲಿಲ್ಲ.

ಸುದ್ದಿ ತಂದದ್ದು ಅತ್ತಿಗೆ. ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಮನೆಗೆ ಹೋಗದೆ ನೇರ ವೈರಕ್ಕನ ಅಂಗಡಿಗೇ ಬಂದಿದ್ದರು. ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಟೈರಿನ ಮೇಲೆ ಕೂತರು.

"ಆ ಕಾರು ಬೇಡ ಅನ್ನು ನಿಮ್ಮಣ್ಣಂಗೆ. ನನ್ನ ಮಾತು ಕಿವಿಗೇ ಹಾಕ್ಕೊಳಲ್ಲ. ಈಚೆಗಂತೂ ಕೂಗಿದ್ರೂ ಓಗೊಡಲ್ಲ, ಎಲ್ಲಾ ಅದರ ಧ್ಯಾನ. ನಿದ್ದೇನೂ ಇಲ್ಲ. ಡಿಪೋದಲ್ಲಿ ಜನ ಕಮ್ಮಿ ಅಂತ ಡಬಲ್ ಡ್ಯೂಟಿ ಬೇರೆ."

"ಕಾರಿನ ತಪ್ಪಿದ್ರೆ ನಾನು ಹಿಡಿದೇ ಹಿಡೀತೀನಿ ಅತ್ತಿಗೆ."

"ಹಿಡಿಯೋದ್ರೊಳಗೆ ಅದು ನಮ್ಮ ಮನೆಯವರನ್ನ ಹಿಡಿದುಬಿಟ್ರೆ?"

ವೈರಕ್ಕನಿಗೆ ರಾತ್ರಿ ಮಲಗಿದರೂ ಆ ತಂತಿಗಳದೇ ಚಿಂತೆ. ತನ್ನ ಕೈಯಾರೆ ಸುತ್ತಿದ ಯಾವುದೋ ಗಂಟಿನಲ್ಲಿ ತಪ್ಪಿದ್ದು, ಅದರಿಂದ ಅಣ್ಣನ ಪ್ರಾಣಕ್ಕೆ ಸಂಚಕಾರ ಬಂದರೆ? ಕಲಿಸಿದವನ ಕಾಲಿಗೇ ಮುಳ್ಳಾದಂತೆ.

ಅಣ್ಣನ ವಾರದ ರಜೆಯ ದಿನ ಅವಳು ಅಂಗಡಿಯ ಬಾಗಿಲು ಮುಚ್ಚಿ ಅವನ ಮನೆಗೆ ಹೋದಳು. ಕೈಯಲ್ಲಿ ಒಂದು ಪುಟ್ಟ ಬಲ್ಬು, ಅದಕ್ಕೆ ಉದ್ದನೆಯ ಎರಡು ತಂತಿ. ಅದನ್ನು ಕಾಯಿಲಿಗೆ ಕರೆಂಟು ಬರುವ ಕಡೆಗೆ ಸೇರಿಸಿ, ಬಲ್ಬನ್ನು ತಂದು ಡ್ಯಾಷ್‌ಬೋರ್ಡಿನ ಮೇಲೆ, ಆರ್‌ಪಿಎಂ ಗಡಿಯಾರದ ಪಕ್ಕ ಅಂಟಿಸಿದಳು.

"ಇದೇನು, ಹಣೆಗೆ ಬೊಟ್ಟು?" ಎಂದ ಅಣ್ಣ.

"ಕಳ್ಳನ್ನ ಹಿಡಿಯೋ ದೀಪ. ಕಾಯಿಲಿಗೆ ಕರೆಂಟ್ ಹೋಗ್ತಿರೋವರೆಗೂ ಇದು ಉರೀತಿರತ್ತೆ. ಎಂಜಿನ್ ನಿಂತಾಗ ಇದು ಆರಿದ್ರೆ ತಪ್ಪು ಸ್ವಿಚ್ಚಿನ ಕಡೆ. ಇದು ಉರೀತಿದ್ದು ಮುಳ್ಳು ಒಮ್ಮೆಗೇ ಬಿದ್ರೆ ತಪ್ಪು ಡಿಸ್ಟ್ರಿಬ್ಯೂಟರ್ ಕಡೆ. ನೀನು ಓಡಿಸು. ನಾನು ಇವೆರಡರ ಮೇಲಿಂದ ಕಣ್ಣು ತೆಗೆಯಲ್ಲ."

ಮಧ್ಯಾಹ್ನದ ಬಿಸಿಲಿನಲ್ಲಿ ಗುಡ್ಡದ ರಸ್ತೆ ಹಿಡಿದರು. ಒಂದು ಕಡೆ ಕಡಿದು ನಿಲ್ಲಿಸಿದ ಬಂಡೆ, ಅದರ ಬುಡದಲ್ಲಿ ನೀರು ಹರಿಯುವ ಚರಂಡಿ. ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ, ಅದರಾಚೆ ಏನೂ ಇಲ್ಲ. ಹತ್ತುವವರು ಬಂಡೆಯ ಬದಿ, ಇಳಿಯುವವರು ಕಟ್ಟೆಯ ಬದಿ. ಅಣ್ಣನ ಕೈ ನೋಡುವುದೇ ಒಂದು ಚಂದ. ತಿರುವು ಬರುವ ಮೊದಲೇ ಗೇರು ಇಳಿಸಿ, ಒಂದು ಚೂರೂ ಎಳೆದಾಡದೆ, ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ ಕಾರನ್ನು ಎತ್ತಿಕೊಂಡು ಹೋಗುತ್ತಿದ್ದ. ಬಲ್ಬು ನಿಗಿನಿಗಿ ಉರಿಯುತ್ತಿತ್ತು. ಮುಳ್ಳು ಅವನ ಕಾಲಿನ ಮಾತು ಕೇಳುತ್ತ ಏರಿ ಇಳಿಯುತ್ತಿತ್ತು.

ಗುಡ್ಡ ಹತ್ತಿ ಇಳಿದರು. ಏನೂ ಆಗಲಿಲ್ಲ. ತಿರುಗಿಸಿಕೊಂಡು ಮತ್ತೆ ಹತ್ತಿದರು. ನೋಡಿ ನೋಡಿ ಅವಳ ಕಣ್ಣು ಉರಿಯತೊಡಗಿತು.

"ಇವತ್ತು ನಿನ್ನ ಮುಖ ನೋಡಿ ಸುಮ್ನಿದೆ. ನಾಳೆ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ಇದನ್ನೇ ತಗೊಂಡ್ಹೋಗ್ತೀನಿ, ಆಗ..." ಎಂದ ಅಣ್ಣ.

ಆಗ ಏನು ಎನ್ನುವುದು ಬರಲಿಲ್ಲ. ಎಂಜಿನ್ನಿನ ದನಿ ತಗ್ಗಿತು.

ವೈರಕ್ಕ ಉಸಿರು ಹಿಡಿದು ಬಲ್ಬು ನೋಡಿದಳು. ಉರಿಯುತ್ತಿತ್ತು. ಮುಳ್ಳು ನೋಡಿದಳು. ಅದು ಬೀಳಲಿಲ್ಲ, ಮೆಟ್ಟಿಲು ಇಳಿಯುವ ಮುದುಕನ ಹಾಗೆ ನಿಧಾನ ಇಳಿಯುತ್ತಿತ್ತು. ಕಿಡಿ ಇದೆ. ಹಾಗಾದರೆ ಪೆಟ್ರೋಲು! ಇಷ್ಟು ದಿನ ತಾನು ಹುಡುಕಿದ್ದು ತಪ್ಪು ಜಾಗದಲ್ಲಿ, ತಂತಿಯದಲ್ಲ ತಪ್ಪು, ತನ್ನದಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಗಿ, "ಅಣ್ಣ, ಸಿಕ್ತು! ಕಾರ್ಬ್ಯುರೇಟರ್..." ಎನ್ನುತ್ತ ಅವನತ್ತ ತಿರುಗಿದಳು.

ಅಣ್ಣ ಅಲ್ಲಿರಲಿಲ್ಲ.

ಮೈ ಇತ್ತು. ಎರಡೂ ಕೈ ಸ್ಟೇರಿಂಗಿನ ಮೇಲಿತ್ತು. ಕಣ್ಣು ಅಗಲವಾಗಿ ತೆರೆದಿತ್ತು. ಆದರೆ ಆ ಕಣ್ಣಲ್ಲಿ ರಸ್ತೆ ಇರಲಿಲ್ಲ. ತುಟಿ ಏನನ್ನೋ ಸವಿಯುವ ಹಾಗೆ ಚಪ್ಪರಿಸುತ್ತಿತ್ತು. ಕಾಲು ಪೆಡಲಿನಿಂದ ಜಾರಿತ್ತು.

"ಅಣ್ಣ?"

ತಿರುವು ಬಂತು, ಅಣ್ಣನ ಕೈ ತಿರುಗಲಿಲ್ಲ. ಮಿಡತೆ ನೆಟ್ಟಗೆ ಕಟ್ಟೆಯ ಬದಿಗೆ ಹೊರಟಿತು. ಅದೇ ಹೊತ್ತಿಗೆ ತಿರುವಿನ ಆಚೆಯಿಂದ ಜಲ್ಲಿ ತುಂಬಿದ ಲಾರಿಯೊಂದರ ಮೂತಿ ಕಾಣಿಸಿತು, ಅದರ ಹಾರ್ನು ಬಂಡೆಗೆ ಬಡಿದು ಗುಡ್ಡವೇ ಅರಚಿದಂತೆ ಕೇಳಿಸಿತು.

ವೈರಕ್ಕ ಸ್ಟೇರಿಂಗನ್ನು ಹಿಡಿದು ತನ್ನ ಶಕ್ತಿಯನ್ನೆಲ್ಲ ಹಾಕಿ ಬಂಡೆಯ ಕಡೆಗೆ ಎಳೆದಳು. ತಿರುಗಲಿಲ್ಲ. ಅಣ್ಣನ ಮುಷ್ಟಿ ಕಬ್ಬಿಣದ ಹಾಗೆ ಬಿಗಿದಿತ್ತು. "ಬಿಡು ಅಣ್ಣ, ಬಿಡು, ಬಿಡು!" ಎಂದು ಕಿರುಚುತ್ತ ಅವನ ಕೈಗೆ ಮೊಣಕೈಯಿಂದ ಗುದ್ದಿದಳು. ಒಂದು ಕೈ ಸಡಿಲವಾಯಿತು. ಚಕ್ರ ತಿರುಗಿತು. ಲಾರಿ ಅವರ ಹಿಂಭಾಗವನ್ನು ಒರೆಸಿಕೊಂಡೇ ಹೋಯಿತೇನೋ ಎನ್ನುವಷ್ಟು ಹತ್ತಿರದಲ್ಲಿ ಹಾದುಹೋಯಿತು; ಅದರ ಬಿಸಿಗಾಳಿ ಮುಖಕ್ಕೆ ರಾಚಿತು. ಹ್ಯಾಂಡ್‌ಬ್ರೇಕನ್ನು ಕಿತ್ತೇಬಿಡುವ ಹಾಗೆ ಎಳೆದಳು. ಮಿಡತೆಯ ಚಕ್ರವೊಂದು ಚರಂಡಿಗೆ ಇಳಿಯಿತು, ಗೇರಿನಲ್ಲೇ ಇದ್ದ ಎಂಜಿನ್ ಎರಡು ಸಲ ಜಗ್ಗಿ ನಿಂತುಹೋಯಿತು.

ಎಲ್ಲ ಸ್ತಬ್ಧ. ಬಲ್ಬು ಇನ್ನೂ ಉರಿಯುತ್ತಲೇ ಇತ್ತು.

ಲಾರಿ ಮುಂದೆ ನಿಂತು, ಅದರ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಕುಡಿದು ಗಾಡಿ ಓಡಿಸ್ತೀರೇನ್ರೀ? ಮನೇಲಿ ಹೆಂಡ್ತಿ ಮಕ್ಕಳಿಲ್ವಾ?" ಬಾಯಿಗೆ ಬಂದದ್ದನ್ನೆಲ್ಲ ಬೈದು ಹೊರಟುಹೋದ.

ಆ ಬೈಗುಳದ ನಡುವೆಯೇ ಅಣ್ಣ ಕಣ್ಣು ಮಿಟುಕಿಸಿದ್ದ. ಮುಖದ ಮೇಲೆ ಕೈಯಾಡಿಸಿಕೊಂಡ. ಸುತ್ತ ನೋಡಿ, ಮಾತು ಸ್ವಲ್ಪ ದಪ್ಪವಾಗಿ, "ನೋಡಿದ್ಯಾ?" ಎಂದ. "ಈಗಾದ್ರೂ ಕಣ್ಣಾರೆ ನೋಡಿದ್ಯಲ್ಲ? ಮತ್ತೆ ಆಫ್ ಆಯ್ತು!"

ವೈರಕ್ಕ ಉರಿಯುತ್ತಿದ್ದ ಬಲ್ಬನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು.

"ಅವನ್ಯಾಕೆ ಹಾಗೆ ಬೈದ? ಎಲ್ಲಿಂದ ಬಂತು ಆ ಲಾರಿ?"

"ನೀನು ನೋಡ್ಲಿಲ್ವಾ ಅಣ್ಣ?"

"ಎಲ್ಲಿ?"

ಅವಳು ಕೈ ಚಾಚಿ ಕೀ ತಿರುಗಿಸಿ, ಹೊರಗೆ ಎಳೆದುಕೊಂಡು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಒಂದು ಕ್ಷಣದ ಹಿಂದೆ ತನ್ನ ತಪ್ಪಲ್ಲವೆಂದು ಹಿಗ್ಗಿದ್ದು ನೆನಪಾಗಿ ತನ್ನ ಮೇಲೇ ಹೇಸಿಗೆಯಾಯಿತು. ಸ್ವಿಚ್ಚೋ ತಂತಿಯೋ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

"ಕಾರು ಆಫ್ ಆಗ್ಲಿಲ್ಲ ಅಣ್ಣ. ನೀನು ಆಫ್ ಆದೆ."

"ಏನು ಹಾಗಂದ್ರೆ?"

ಅವಳು ಹೇಳಿದಳು. ಬಲ್ಬು ಆರಲಿಲ್ಲ, ಮುಳ್ಳು ಬೀಳಲಿಲ್ಲ, ಅವನ ಕಾಲು ಜಾರಿತ್ತು, ಕಣ್ಣು ತೆರೆದಿತ್ತು, ಕೂಗಿದರೂ ಕೇಳಿಸಲಿಲ್ಲ. ತುಟಿಯ ವಿಷಯ ಮಾತ್ರ ಹೇಳಲಾರದೆ ಬಿಟ್ಟಳು.

ಅಣ್ಣ ನಕ್ಕ. ಆ ನಗು ಮುಖದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ. ನಿನ್ನ ಕೈಲಿ ತಪ್ಪು ಹುಡುಕೋಕೆ ಆಗ್ಲಿಲ್ಲ, ಅದಕ್ಕೆ ನನ್ನ ತಲೆ ಕೆಟ್ಟಿದೆ ಅಂತೀಯಾ?"

"ಹಾಗಲ್ಲ ಅಣ್ಣ..."

"ಕೀ ಕೊಡು."

"ಕೊಡಲ್ಲ. ಮತ್ತೆ ನಾಳೆ ಬೆಳಿಗ್ಗೆ ನೀನು ಬಸ್ ಹತ್ತಬಾರದು."

ಅವನ ಮುಖ ಬಿಳುಚಿತು. "ಏನಂದೆ?"

"ಬಸ್ ಹತ್ತಬೇಡ ಅಂದೆ. ಮೊದಲು ಡಾಕ್ಟರಿಗೆ ತೋರಿಸೋಣ."

"ಡಾಕ್ಟ್ರು ಒಂದು ಗೀಚಿದ್ರೆ ನನ್ನ ಲೈಸೆನ್ಸ್ ಹೋಯ್ತು. ಗೊತ್ತಾ ನಿನಗೆ? ನಾನು ಇನ್ನೇನು ಮಾಡಬಲ್ಲೆ? ಏನು ಬರತ್ತೆ ನನಗೆ? ನಿನ್ನ ಕೈಗೆ ಕಸುಬು ಕೊಟ್ಟೋನ ಕೈಯಿಂದ ನೀನು ಸ್ಟೇರಿಂಗ್ ಕಿತ್ಕೋತೀಯಾ?"

ಆ ಮಾತು ಅವಳಿಗೆ ನಾಟಿತು. ಆದರೆ ಮುಷ್ಟಿ ಸಡಿಲಿಸಲಿಲ್ಲ. "ಬಸ್ಸಲ್ಲಿ ಮಕ್ಕಳಿರ್ತಾರೆ ಅಣ್ಣ" ಎಂದಳು ಅಷ್ಟೇ.

ಅವನು ಬಾಗಿಲು ದಡಾರನೆ ಹಾಕಿ ಇಳಿದು, ಹಿಂದಿರುಗಿ ನೋಡದೆ ಇಳಿಜಾರಿನಲ್ಲಿ ನಡೆದೇ ಹೊರಟ. ಅದೂ ಕಟ್ಟೆಯ ಬದಿಯಲ್ಲಿ.

ವೈರಕ್ಕ ಡ್ರೈವರ್ ಸೀಟಿಗೆ ಜರುಗಿ ಕೀ ಹಾಕಿದಳು. ಒಮ್ಮೆ ತಿರುಗಿಸಿದ್ದಕ್ಕೇ ಮಿಡತೆ ಸ್ಟಾರ್ಟ್ ಆಯಿತು. ಹಿಂದೆ ಮುಂದೆ ತೂಗಿ, ಚರಂಡಿಯಿಂದ ಚಕ್ರ ಎತ್ತಿ, ಕಾರು ತಿರುಗಿಸಿ, ಮೊದಲ ಗೇರಿನಲ್ಲಿ ಅವನ ಹಿಂದೆ ತೆವಳಿಸಿಕೊಂಡು ಬಂದಳು. ಅಷ್ಟು ವರ್ಷದ ಕೆಲಸದಲ್ಲಿ ಅವಳು ಇಷ್ಟು ಹೆದರಿದ್ದಿಲ್ಲ. ಅವನ ಪಕ್ಕದಲ್ಲಿ ಮೊಣಕಾಲೆತ್ತರದ ಆ ಕಟ್ಟೆ. ಅವನ ಹೆಜ್ಜೆ ಒಂದು ಚೂರು ತಡವರಿಸಿದರೂ ಅವಳ ಕಾಲು ಬ್ರೇಕಿಗೆ ಹೋಗುತ್ತಿತ್ತು. ಅವನು ಒಮ್ಮೆ ನಿಂತ. ಇವಳು ಬ್ರೇಕು ತುಳಿದು, ಬಾಗಿಲಿನ ಹಿಡಿಗೆ ಕೈ ಹಾಕಿದಳು. ಅವನು ಬರೀ ಬೂಟಿನೊಳಗಿನ ಕಲ್ಲು ತೆಗೆಯಲು ನಿಂತಿದ್ದ. ಹಿಂದೆ ಬಂದ ಗಾಡಿಗಳು ಹಾರ್ನು ಹೊಡೆದು, ಇದೇನು ಗಂಡ ಹೆಂಡಿರ ಜಗಳವೋ ಎನ್ನುವಂತೆ ನೋಡಿ ಮುಂದೆ ಹೋದವು.

ಕೆಳಗಿನ ಬಸ್ ನಿಲ್ದಾಣ ಕಾಣುವ ತಿರುವಿನಲ್ಲಿ ಅಣ್ಣ ನಿಂತುಬಿಟ್ಟ. ಬೆನ್ನು ಹಾಕಿಯೇ ಬಹಳ ಹೊತ್ತು ನಿಂತಿದ್ದ. ಆಮೇಲೆ ತಿರುಗಿ ಬಂದು, ಡ್ರೈವರ್ ಬದಿಗಲ್ಲ, ಆಚೆ ಬದಿಗೆ ಹೋಗಿ ಬಾಗಿಲು ತೆಗೆದು ಕೂತ. ಆ ಸೀಟಿನಲ್ಲಿ ಅವನು ಕೂತದ್ದು ಅದೇ ಮೊದಲು. ಕಾಲು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಹೊಂದಿಸಿಕೊಂಡ.

"ಹೋದ ತಿಂಗಳು ಬಸ್ಸೂ ಒಂದ್ಸಲ ಆಫ್ ಆಗಿತ್ತು" ಎಂದ. "ಆ ನಿಲ್ದಾಣದಲ್ಲೇ. ಕಂಡಕ್ಟರು ರೈಟ್ ರೈಟ್ ಅಂತ ತಗಡು ಬಡೀತಿದ್ದ. ಎಂಜಿನ್ ಸತ್ತಿತ್ತು, ಗೇರಲ್ಲೇ. ಡಿಪೋದಲ್ಲಿ ಜಗಳ ಮಾಡಿದೆ. ಅವರು ಫಿಲ್ಟರು, ಪೈಪು ಎಲ್ಲಾ ಬಿಚ್ಚಿ ನೋಡಿ ಏನೂ ಇಲ್ಲ ಅಂದ್ರು. ಕೆಲಸಗಳ್ಳರು ಅಂತ ಬೈದೆ."

ಅವಳು ಎಂಜಿನ್ ಆರಿಸಿ ಅವನತ್ತ ತಿರುಗಿದಳು.

"ಅದು ಡೀಸೆಲ್ ಬಸ್ಸು ಪುಟ್ಟಿ. ಡೀಸೆಲ್ ಗಾಡೀಲಿ ಕಿಡಿ ಎಲ್ಲಿರತ್ತೆ?"

"ಇರಲ್ಲ ಅಣ್ಣ."

"ಅದೇ." ಅವನು ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟು ನೋಡಿಕೊಂಡ. "ಕಿಡಿಯೇ ಇಲ್ಲದ ಗಾಡೀಲೂ ನಿನ್ನ ತಂತಿ ರೋಗ ಹೇಗೆ ಬಂತು ಅಂತ ಯೋಚಿಸ್ತಾ ಬಂದೆ."

ಮನೆಗೆ ಬಂದಾಗ ಅತ್ತಿಗೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ವೈರಕ್ಕ ನಡೆದದ್ದನ್ನು ಹೇಳುತ್ತ ಹೋದಂತೆ ಚಾಕು ನಿಧಾನವಾಯಿತು, ಆಮೇಲೆ ನಿಂತೇಹೋಯಿತು.

"ತುಟಿ ಹೀಗೆ ಮಾಡ್ತಿದ್ರಾ?" ಎಂದು ಅತ್ತಿಗೆಯೇ ಮೆಲ್ಲಗೆ ಚಪ್ಪರಿಸಿ ತೋರಿಸಿದರು.

ವೈರಕ್ಕ ತಲೆಯಾಡಿಸಿದಳು.

"ಊಟಕ್ಕೆ ಕೂತಾಗಲೂ ಹಾಗೇ ಮಾಡ್ತಾರೆ. ಮಾತಾಡ್ತಾ ಮಾತಾಡ್ತಾ ತುತ್ತು ಕೈಯಲ್ಲೇ ಉಳಿಯತ್ತೆ. ನನ್ನ ಮೇಲೆ ಮುನಿಸು ಅಂದ್ಕೊಂಡಿದ್ದೆ. ನಾನೂ ಮಾತು ಬಿಟ್ಟಿದ್ದೆ." ಕಣ್ಣು ತುಂಬಿ ಬಂದು, ಗಂಡನ ಕಡೆ ತಿರುಗಿ, "ರೀ, ನಾನು ಕೇಳಬೇಕಿತ್ತು ಕಣ್ರೀ" ಎಂದರು.

"ಕೇಳಿದ್ರೂ ನಾನು ಏನು ಹೇಳ್ತಿದ್ದೆ?" ಎಂದ ಅಣ್ಣ. "ನನಗೆ ಗೊತ್ತಿದ್ರೆ ತಾನೆ?"

ಬೆಳಿಗ್ಗೆ ಅವನು ಯಾರೂ ಹೇಳದೆ ಎದ್ದು, ಎಂದಿನಂತೆ ಸಮವಸ್ತ್ರ ಇಸ್ತ್ರಿ ಮಾಡಿ ಹಾಕಿಕೊಂಡ. ಅತ್ತಿಗೆಗೆ ಗಾಬರಿಯಾಗಿ ವೈರಕ್ಕನಿಗೆ ಫೋನು ಮಾಡಿದರು. ಇವಳು ಎದ್ದುಬಿದ್ದು ಡಿಪೋಗೆ ಓಡಿ ಬಂದಾಗ ಅವನ ಬಸ್ಸು ಸ್ಟಾರ್ಟ್ ಆಗಿ ನಿಂತು ಗಡಗಡ ಎನ್ನುತ್ತಿತ್ತು. ಅವಳು ಬಾಗಿಲು ಹತ್ತಿ ನೋಡಿದಳು. ಸ್ಟೇರಿಂಗಿನ ಹಿಂದೆ ಬೇರೊಬ್ಬ ಡ್ರೈವರು. ಅಣ್ಣ ಮೇಲ್ವಿಚಾರಕರ ಕೋಣೆಯಲ್ಲಿ, ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. "ನಾನು ಓಡಿಸೋ ಸ್ಥಿತಿಯಲ್ಲಿಲ್ಲ ಸಾರ್" ಎಂದು ಅವನು ಹೇಳುತ್ತಿದ್ದುದು ತೆರೆದ ಕಿಟಕಿಯಿಂದ ಕೇಳಿಸಿತು. "ಆ ದಿನ ಮೆಕ್ಯಾನಿಕ್‌ಗಳನ್ನ ಬೈದದ್ದೂ ತಪ್ಪು. ಬಸ್ಸು ಸರಿಯಾಗೇ ಇತ್ತು."

ನರರೋಗದ ಡಾಕ್ಟರು ಕನ್ನಡಕದ ಹೆಂಗಸು, ಮಿತಮಾತಿನವರು. ತಲೆಗೆಲ್ಲ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಅಷ್ಟೊಂದು ತಂತಿ ಅಣ್ಣನ ತಲೆಯ ಮೇಲೆ ಕಂಡಾಗ ವೈರಕ್ಕ ಹೊರಗೆ ಎದ್ದು ಬಂದಳು. ಇದೂ ಒಂದು ಬಗೆಯ ಫಿಟ್ಸು, ಬಿದ್ದು ಒದ್ದಾಡುವುದಿಲ್ಲ ಅಷ್ಟೇ, ಮಾತ್ರೆಗೆ ಬಗ್ಗುತ್ತದೆ, ನಿದ್ದೆಗೆಟ್ಟರೆ ಹೆಚ್ಚಾಗುತ್ತದೆ ಎಂದರು ಡಾಕ್ಟರು.

"ಯಾಕೆ ಬಂತು ಡಾಕ್ಟ್ರೇ? ತಪ್ಪು ಎಲ್ಲಿದೆ?" ಎಂದು ವೈರಕ್ಕ ಕೇಳಿದಳು.

"ಎಲ್ಲರಲ್ಲೂ ಕಾರಣ ಸಿಗಲ್ಲಮ್ಮ. ಇವರಲ್ಲಿ ನಮಗೆ ಸಿಗ್ಲಿಲ್ಲ."

ಆ ಉತ್ತರ ಅವಳಿಗೆ ಒಗ್ಗಲಿಲ್ಲ. ತಪ್ಪು ಎಲ್ಲಿದೆಯೆಂದು ಗೊತ್ತಾಗದೆ ಗಾಡಿಯನ್ನು ಸರಿಹೋಯಿತೆಂದು ಅವಳು ಯಾರಿಗೂ ಒಪ್ಪಿಸಿದವಳಲ್ಲ.

ಬಸ್ಸು ಓಡಿಸುವ ಕೆಲಸ ಹೋಯಿತು. ಡಿಪೋದವರು ಅವನನ್ನು ಕೈಬಿಡದೆ, ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಡುವ ಕೆಲಸ ಕೊಟ್ಟರು. ಗೇಟಿನ ಪಕ್ಕದ ಗೂಡಿನಲ್ಲಿ ಸೀಟಿ ಹಿಡಿದು ಕೂರಬೇಕು. ಮೊದಮೊದಲು ಮಾತ್ರೆಯ ಜೋಂಪು, ಸಿಡುಕು. ಅವನ ಬಸ್ಸು ಗೇಟು ದಾಟುವಾಗ ಆಚೆ ಮುಖ ತಿರುಗಿಸುತ್ತಿದ್ದ. ತಂಗಿಯೊಡನೆ ಬೇಕಿದ್ದಷ್ಟೇ ಮಾತು. ಅವಳು ಮನೆಗೆ ಹೋದರೆ ಪೇಪರು ಮುಖಕ್ಕೆ ಅಡ್ಡ ಹಿಡಿಯುತ್ತಿದ್ದ. ಅತ್ತಿಗೆ, "ಕಾಯಿಲೆ ಕಂಡುಹಿಡಿದವಳ ಮೇಲೆ ಕೋಪ, ಕಾಯಿಲೆ ಮೇಲಿಲ್ಲ" ಎಂದು ಗೊಣಗುತ್ತಿದ್ದರು. ವೈರಕ್ಕ ನೊಂದುಕೊಂಡರೂ ಹೋಗುವುದನ್ನು ಬಿಡಲಿಲ್ಲ.

ಹೀಗೇ ಚಳಿಗಾಲ ಕಳೆದು ಬೇಸಿಗೆ ಬಂತು. ಒಂದು ಸಂಜೆ ಅವಳು ಅಂಗಡಿಯಲ್ಲಿ ಟ್ರ್ಯಾಕ್ಟರೊಂದರ ದೀಪ ಬಿಚ್ಚುತ್ತಿದ್ದಾಗ ಅಣ್ಣ ತಾನಾಗೇ ನಡೆದುಕೊಂಡು ಬಂದ. ಸ್ಟೂಲು ಎಳೆದು ಕೂತ. ಸ್ವಲ್ಪ ಹೊತ್ತು ಅವಳ ಕೈಕೆಲಸ ನೋಡಿದ.

"ಆ ದಿನ..." ಎಂದ. "ಗುಡ್ಡದ ಮೇಲೆ. ನಾನು ಎಷ್ಟು ಹೊತ್ತು ಹಾಗಿದ್ದೆ?"

"ಹೆಚ್ಚು ಹೊತ್ತಲ್ಲ. ನನಗೆ ಮಾತ್ರ ಒಂದು ಯುಗ."

"ಕಣ್ಣು ಎಲ್ಲಿ ನೋಡ್ತಿತ್ತು?"

ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಮೊದಲು ಎದುರಿಗೆ. ನಾನು ನಿನ್ನ ಕೈಗೆ ಗುದ್ದಿದೆನಲ್ಲ, ಆಗ ನನ್ನ ಕಡೆ ತಿರುಗಿದೆ. ನನ್ನನ್ನೇ ನೋಡ್ದೆ. ಆದ್ರೆ ನಾನು ಯಾರು ಅಂತ ಗೊತ್ತಿರಲಿಲ್ಲ ನಿನಗೆ."

"ಹೆದರಿದ್ಯಾ?"

"ಹೂಂ. ತುಂಬಾ."

ಅವನು ಗಲ್ಲ ಕೆರೆದುಕೊಂಡ. "ನನ್ನ ಪ್ರಾಣ ಹೋಗ್ತಿತ್ತು, ನಿಂದೂ ಹೋಗ್ತಿತ್ತು. ನನಗೆ ಹೆದರೋ ಅವಕಾಶ ಕೂಡ ಸಿಗ್ಲಿಲ್ಲ ಪುಟ್ಟಿ. ಅದನ್ನೇ ನೆನೆಸ್ಕೊಂಡು ಈಗ ದಿನಾ ಹೆದರ್ತೀನಿ. ಅದಕ್ಕೇ ನಿನ್ನ ಮುಖ ನೋಡೋಕಾಗ್ತಿರಲಿಲ್ಲ. ಕೋಪ ಅಲ್ಲ."

ಅವಳು ಕೈಗೆ ಸಿಕ್ಕಿದ ಟಾರ್ಚನ್ನು ಅವನ ಮುಂದೆ ಹಿಡಿದಳು.

"ಇದನ್ನ ಸ್ವಲ್ಪ ಹಿಡ್ಕೋ ಅಣ್ಣ. ಈ ದೀಪದ ಹಿಂದೆ ಏನೂ ಕಾಣಿಸ್ತಿಲ್ಲ."

ಅಣ್ಣ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡೂ ಕೈಯಲ್ಲಿ ಟಾರ್ಚು ಹಿಡಿದು, ಅವಳ ಬೆರಳು ಹೋದಲ್ಲಿಗೆಲ್ಲ ಬೆಳಕು ಬಿಟ್ಟ.